ಮರಹು ಬೇರೆ, ಮರೆವಿನ ರೋಗ ಬೇರೆ



ವಚನಗಳಲ್ಲಿ ‘ಅರಿವು’ ಮತ್ತು ‘ಮರಹು’ ಎಂಬ ಮಾತುಗಳು ಜೋಡಿಯಾಗಿ ಬರುತ್ತವೆ. ಅಲ್ಲಿ ಮರಹು ಎಂದರೆ ತನ್ನ ನಿಜವನ್ನು ತಾನರಿಯದ ಅಜ್ಞಾನ. ಈ ಪದವನ್ನೇ ಹಿಡಿದುಕೊಂಡು, ಡಿಮೆನ್ಶಿಯಾ ಪೀಡಿತ ಹಿರಿಯರನ್ನು ಕುರಿತು “ಲಿಂಗನಿಷ್ಠೆ ಕುಗ್ಗಿತು, ಅದಕ್ಕೇ ಹೀಗಾಯಿತು” ಎನ್ನುವವರುಂಟು. ಇದು ಶರಣರ ಮಾತಿಗೂ ಆ ಹಿರಿಯರಿಗೂ ಮಾಡುವ ಅನ್ಯಾಯ. ಇದಕ್ಕೆ ಅತಿ ಸಾಮಾನ್ಯ ಕಾರಣವಾದ ಮಿದುಳಿನ ವ್ಯಾಧಿಯನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲೇ ವಿವರಿಸಿದ್ದರು. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುವ ಸಂಗತಿ ಇದಲ್ಲ. (ಬಿ12 ಜೀವಸತ್ವದ ಕೊರತೆಯಿಂದಲೂ ನೆನಪು ಕುಗ್ಗಬಹುದು. ಸಸ್ಯಾಹಾರಿಗಳಾದ ನಮ್ಮಲ್ಲಿ ಆ ಕೊರತೆ ಹೆಚ್ಚು. ಮೊದಲು ರಕ್ತಪರೀಕ್ಷೆ ಮಾಡಿಸಿರಿ.)

ನಿತ್ಯ ಮೈತೊಳೆದು ಉಣಿಸುವ ಮಗಳನ್ನೇ ತಾಯಿ “ನೀ ಯಾರವ್ವಾ?” ಎಂದು ಕೇಳಿದಾಗ ಆ ಮಗಳ ಎದೆಯಲ್ಲಿ ಆಗುವುದೇನು? ತಾಯಿ ತೀರಿಕೊಂಡರೆ ಅಳಲು ಊರೇ ಜೊತೆಯಾಗುತ್ತದೆ. ಕಣ್ಣೆದುರು ಇದ್ದೂ ದಿನದಿನಕ್ಕೆ ದೂರವಾಗುವ ತಾಯಿಗಾಗಿ ಅಳುವವಳಿಗೆ ಯಾರೂ ಸಾಂತ್ವನ ಹೇಳುವುದಿಲ್ಲ. ಒಂದೇ ಪ್ರಶ್ನೆ ಹತ್ತನೆಯ ಸಲ ಬಂದಾಗ ಅವಳು ಗದರುತ್ತಾಳೆ. ಮರುಕ್ಷಣ ತನ್ನನ್ನೇ ಹಳಿದುಕೊಳ್ಳುತ್ತಾಳೆ. ನಿದ್ದೆಯಿಲ್ಲದ ರಾತ್ರಿಯಲ್ಲಿ ‘ಇದು ಎಂದು ಮುಗಿದೀತು’ ಎಂಬ ಯೋಚನೆಯೂ ಸುಳಿದು ಹೋಗುತ್ತದೆ. ಅದನ್ನು ಪಾಪವೆಂದು ನಾನು ಬಗೆಯಲಾರೆ. ಅದು ದಣಿದ ದೇಹದ ಮಾತು.

ಇನ್ನೊಂದು ಕಷ್ಟ ಸತ್ಯದ್ದು. ಎಂಬತ್ತರ ತಾಯಿ “ಅವ್ವನ ಮನೀಗೆ ಹೋಗಬೇಕು” ಎಂದು ಬಾಗಿಲಿಗೆ ಬರುತ್ತಾಳೆ. ಆ ಅವ್ವ ತೀರಿ ನಲವತ್ತು ವರ್ಷವಾಗಿದೆ. ಸತ್ಯವನ್ನೇ ನುಡಿಯಬೇಕೆಂದು ಸಾವಿನ ಸುದ್ದಿ ಹೇಳಿದರೆ, ಆಕೆ ಅದನ್ನು ಪ್ರತಿಸಲವೂ ಮೊದಲ ಸಲವೆಂಬಂತೆ ಕೇಳಿ ಕುಸಿಯುತ್ತಾಳೆ. “ನಿಮ್ಮವ್ವ ಹೋಳಿಗೆ ಹ್ಯಾಂಗ ಮಾಡತಿದ್ರು, ಹೇಳಬೇ” ಎಂದು ಪಕ್ಕದಲ್ಲಿ ಕುಳಿತರೆ ಅಂಜಿಕೆ ಇಳಿಯುತ್ತದೆ. ಇದರಲ್ಲಿ ಸತ್ಯಕ್ಕೆ ಚ್ಯುತಿಯಿಲ್ಲವೆಂದೇ ನನ್ನ ಅಭಿಪ್ರಾಯ. ಮಕ್ಕಳ ಹೆಸರು ಮರೆತ ಮೇಲೂ ಹಳೆಯ ಹಾಡು, ಹಳೆಯ ರೂಢಿ ಬಹುಕಾಲ ಉಳಿಯುತ್ತವೆ. ವಿಭೂತಿಯ ಬಟ್ಟಲನ್ನು ಕೈಗಿತ್ತರೆ ಬೆರಳು ತಾನಾಗಿ ಹಣೆಗೆ ಹೋಗುವುದುಂಟು.

ಈ ಸೇವೆಯನ್ನು ‘ದಾಸೋಹ’ವೆಂದು ಹೊಗಳಿ ಸೊಸೆಯೊಬ್ಬಳ ಹೆಗಲಿಗೆ ಹೊರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಜಾತ್ರೆಗೆಂದು ಬಂದ ಮಗ ಅರ್ಧ ದಿನ ಇದ್ದು “ಅವ್ವ ಚೆನ್ನಾಗೇ ಇದ್ದಾಳಲ್ಲ” ಎಂದು ಬಸ್ಸು ಹತ್ತುತ್ತಾನೆ! ಮಠದ ದಾಸೋಹ ಮನೆಯಲ್ಲಿ ಒಬ್ಬರೇ ಹಿಟ್ಟು ನಾದಿ, ಒಬ್ಬರೇ ಬಡಿಸುವುದನ್ನು ಯಾರಾದರೂ ಕಂಡಿದ್ದೀರಾ? ನಿಮ್ಮ ಓಣಿಯಲ್ಲಿ ಇಂತಹ ಮನೆಯಿದ್ದರೆ ವಾರಕ್ಕೊಂದು ಮಧ್ಯಾಹ್ನ ಆ ಹಿರಿಯರ ಬಳಿ ಮೂರು ತಾಸು ಕುಳಿತುಕೊಳ್ಳಿರಿ, ಆ ಸೊಸೆ ಬಾಗಿಲು ಮುಚ್ಚಿಕೊಂಡು ಮಲಗಲಿ.