ಮಗ ಎಂದಿಗೂ ಮಗನೇ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದಿದ್ದರು. ಭಾನುವಾರದ ಬಲಿಪೂಜೆ ತಪ್ಪಿಸದ ಕೆಥೋಲಿಕ್ ಗೃಹಸ್ಥರು. ಕಾಫಿ ಆರಿಹೋಗುವ ತನಕ ಮಳೆ, ಬೆಳೆ ಎಂದು ಮಾತಾಡಿದರು. ಕೊನೆಗೆ ತಲೆ ತಗ್ಗಿಸಿ, "ಮೇಷ್ಟ್ರೇ, ಮಗ ತಾನು ಸಲಿಂಗಿ ಅನ್ನುತ್ತಿದ್ದಾನೆ. ಇದಕ್ಕೆ ಔಷಧ ಇದೆಯೇ? ನಮ್ಮ ಧರ್ಮಸಭೆ ಅವನನ್ನು ದೂರ ಮಾಡುತ್ತದೆಯೇ?" ಎಂದು ಕೇಳಿದರು.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಕಾಯಿಲೆಯೇ ಅಲ್ಲದ್ದಕ್ಕೆ ಔಷಧ ಎಲ್ಲಿಂದ ಬರಬೇಕು? ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿಯೇ ಸಲಿಂಗ ಒಲವನ್ನು ಮನೋರೋಗಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದೇ ದಾರಿ ಹಿಡಿಯಿತು. ಇದನ್ನು "ಗುಣಪಡಿಸುತ್ತೇನೆ" ಎಂದು ಹೊರಡುವುದು ವೈದ್ಯರಿಗೆ ಸಲ್ಲದ ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಈ ಒಲವಿಗೆ ಕಾರಣವೆಂದು ಒಂದೇ ಒಂದು ಜೀನ್ ಅನ್ನು ಬೆರಳಿಟ್ಟು ತೋರಿಸಲಾಗದು. 4 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನೇ ಹೇಳಿತು.

ಎರಡನೆಯದು ನನ್ನ ವಿಷಯವಲ್ಲ. ಆದರೂ ಓದಿ ನೋಡಿದೆ. 1992ರಲ್ಲಿ ಹೊರಬಂದ ಕೆಥೋಲಿಕ್ ಧರ್ಮೋಪದೇಶ ಗ್ರಂಥ ಎರಡು ಮಾತು ಹೇಳುತ್ತದೆ. ಸಲಿಂಗ ಸಂಬಂಧ ನೀತಿಸಮ್ಮತವಲ್ಲ, ಅಂಥವರು ಬ್ರಹ್ಮಚರ್ಯ ಪಾಲಿಸಬೇಕು ಎಂಬುದು ಒಂದು. ಅವರನ್ನು ಗೌರವ, ಕರುಣೆಗಳಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯ ಮಾಡಕೂಡದು ಎಂಬುದು ಇನ್ನೊಂದು. ಒಲವು ಹೇಗೆ ಹುಟ್ಟುತ್ತದೆ ಎಂಬುದು ಬಹುಮಟ್ಟಿಗೆ ತಿಳಿದಿಲ್ಲವೆಂದೂ ಆ ಗ್ರಂಥ ಒಪ್ಪುತ್ತದೆ. ಅನೇಕ ಮನೆಗಳಲ್ಲಿ ಮೊದಲ ಮಾತಷ್ಟೇ ಕೇಳಿಸಿದೆ, ಎರಡನೆಯದು ಕೇಳಿಸಿಲ್ಲ.

1997ರಲ್ಲಿ ಅಮೆರಿಕದ ಬಿಷಪರ ಸಮಿತಿಯೊಂದು ಇಂಥ ತಂದೆತಾಯಂದಿರಿಗೆಂದೇ ಒಂದು ಸಂದೇಶ ಹೊರಡಿಸಿತು. "ಎಂದೆಂದಿಗೂ ನಮ್ಮ ಮಕ್ಕಳು" ಎಂಬುದು ಅದರ ಹೆಸರಿನ ಅರ್ಥ. ಧರ್ಮಸಭೆಯ ಬೋಧನೆಯನ್ನು ಅದು ಬದಲಿಸಲಿಲ್ಲ. ಆದರೆ ಈ ಒಲವು ಸಾಮಾನ್ಯವಾಗಿ ಬೇಕೆಂದು ಆರಿಸಿಕೊಂಡದ್ದಲ್ಲ, ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ಮಗುವನ್ನು ಮನೆಯಿಂದ ದೂರ ಮಾಡಬೇಡಿ ಎಂದು ತಿಳಿಹೇಳಿತು. ಮನೆಯವರು ತಳ್ಳಿದ ಮಕ್ಕಳು ಬೀದಿಪಾಲಾಗುವುದನ್ನೂ ಪ್ರಾಣಕ್ಕೆ ಎರವಾಗುವ ಅಪಾಯವನ್ನೂ ಎತ್ತಿ ತೋರಿತು.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2013ರಲ್ಲಿ, ದೇವರನ್ನು ಅರಸುವ ಸಲಿಂಗಿಯ ಬಗ್ಗೆ ತೀರ್ಪು ಕೊಡಲು ತಾನು ಯಾರು ಎಂಬರ್ಥದ ಮಾತಾಡಿದ್ದರು. ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು 2023ರ ಜನವರಿಯಲ್ಲಿ ಹೇಳಿದರು. ಅದೇ ವರ್ಷ ಡಿಸೆಂಬರಿನಲ್ಲಿ, ವಿವಾಹವೆಂಬ ಭ್ರಮೆ ಹುಟ್ಟಿಸದ ರೀತಿಯಲ್ಲಿ ಸಲಿಂಗಿ ಜೋಡಿಗಳಿಗೆ ಆಶೀರ್ವಾದ ನೀಡಬಹುದೆಂದು ವ್ಯಾಟಿಕನ್ ಅನುಮತಿಸಿತು. ಮರುತಿಂಗಳೇ ಆಫ್ರಿಕದ ಬಿಷಪರ ಒಕ್ಕೂಟ ನಮ್ಮಲ್ಲಿ ಇದು ಆಗದು ಎಂದಿತು. ಒಂದೇ ಮನೆಯೊಳಗೆ ಇಷ್ಟು ಭಿನ್ನಾಭಿಪ್ರಾಯ!

ಇಲ್ಲಿ ಕೆಲವರು ಗೆಲಿಲಿಯೊನ ಮಾತೆತ್ತುತ್ತಾರೆ. 1633ರಲ್ಲಿ ಅವನನ್ನು ದಂಡಿಸಿದ ಸಭೆ 1992ರಲ್ಲಿ ತಪ್ಪು ಒಪ್ಪಿಕೊಂಡಿತು, ಇದೂ ಹಾಗೆಯೇ ಆಗುತ್ತದೆ ಎನ್ನುತ್ತಾರೆ. ಈ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಭೂಮಿ ತಿರುಗುತ್ತದೆಯೇ ಎಂಬುದನ್ನು ಅಳೆದು ನೋಡಬಹುದು. ಯಾವುದು ಪಾಪ ಎಂಬುದನ್ನು ಅಳೆಯುವ ಉಪಕರಣ ನಮ್ಮ ಪ್ರಯೋಗಶಾಲೆಯಲ್ಲಿಲ್ಲ. ಆದರೆ ರೋಗವಲ್ಲದ್ದನ್ನು ರೋಗವೆನ್ನುವುದು ಸುಳ್ಳು ಎಂದು ವಿಜ್ಞಾನ ಹೇಳಬಲ್ಲದು. ಅಷ್ಟು ಹೇಳಿದರೂ ಒಂದು ಜೀವ ಉಳಿದೀತು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ತರಗತಿಯಲ್ಲಿ ಯಾರದೋ ನಡಿಗೆ, ದನಿ ನೋಡಿ ಅಡ್ಡಹೆಸರಿಟ್ಟು ನಗುತ್ತೀರಿ. ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಅಂಥ ನಗುವನ್ನು ಕೇಳಿಯೂ ಕೇಳದಂತೆ ಹಲಗೆಯ ಕಡೆ ತಿರುಗಿದವನು ನಾನು. ಈ ಹುಡುಗನೂ ಆ ಬೆಂಚುಗಳಲ್ಲೇ ಕುಳಿತಿದ್ದ ಎಂಬುದು ಈಗ ಚುಚ್ಚುತ್ತಿದೆ.

ಇಷ್ಟನ್ನೂ ಆ ತಂದೆಗೆ ನನಗೆ ತಿಳಿದಂತೆ ಹೇಳಿದೆ. ಅವರು ಎದ್ದು ಚಪ್ಪಲಿ ಮೆಟ್ಟುತ್ತ, "ಮೂರು ವಾರವಾಯಿತು, ಅವನು ಫೋನ್ ಮಾಡಿಲ್ಲ" ಎಂದರು.

"ನೀವು ಮಾಡಿದಿರಾ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಗೇಟಿನ ಬಳಿ ಹೋಗಿ, ಜೇಬಿನಿಂದ ಫೋನ್ ತೆಗೆದರು.