ಗಾಜಿನೊಳಗಿನ ಲಾವಕ್ಕಿ

ಮಾಲ್ಟಾ ಅಂದರೆ ಇಟಲಿಯ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪದೇಶ. ಎಲ್ಲ ದ್ವೀಪ ಸೇರಿಸಿದರೂ 316 ಚದರ ಕಿಲೋಮೀಟರ್. ನಮ್ಮ ಬಹಳಷ್ಟು ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ನನ್ನ ತಂಗಿ ಅಲ್ಲಿ ನರ್ಸ್. ಅವಳ ಬಾಣಂತನಕ್ಕೆ ಅವ್ವನನ್ನು ಬಿಟ್ಟು ಬರಲು ಹೋಗಿದ್ದೆ. ಒಂದು ದಿನ ಇಬ್ಬರೂ ಮ್ದೀನಾ ಎಂಬ ಹಳೇ ಕೋಟೆ ಊರಿನ ಪ್ರಾಣಿ-ಪಕ್ಷಿ-ಕಲ್ಲುಗಳ ಮ್ಯೂಸಿಯಂ ನೋಡಲು ಹೋದೆವು.

ಕಟ್ಟಡ 1720ರ ದಶಕದ ಅರಮನೆ. ಆಮೇಲೆ ಆಸ್ಪತ್ರೆಯಾಗಿತ್ತು, 1973ರಿಂದ ಮ್ಯೂಸಿಯಂ. ಕಲ್ಲು, ಚಿಪ್ಪು, ಮೀನು ಎಲ್ಲಾ ಇವೆ. ಅಮೆರಿಕ ಉಡುಗೊರೆ ಕೊಟ್ಟ ಚಂದ್ರನ ಕಲ್ಲಿನ ಚೂರೂ ಇತ್ತಂತೆ, 2004ರಲ್ಲಿ ಯಾರೋ ಕದ್ದೊಯ್ದರು. ಕಳ್ಳ ಜೊತೆಗಿದ್ದ ಧ್ವಜವನ್ನು ಮುಟ್ಟಿಲ್ಲ, ಕಲ್ಲನ್ನಷ್ಟೇ ಒಯ್ದ!

ಅವ್ವ ನಿಂತದ್ದು ಹಕ್ಕಿಗಳ ಮುಂದೆ. ಒಳಗೆ ಹುಲ್ಲು, ಹತ್ತಿ ತುಂಬಿ ನಿಲ್ಲಿಸಿದ ಹಕ್ಕಿಗಳು. "ಇವನ್ನೆಲ್ಲಾ ಕೊಂದೇ ಇಟ್ಟಾರೇನೋ?" ಅಂದಳು. ಹೌದು ಅಂದೆ. ಸ್ವಲ್ಪ ಮುಂದೆ ಹೋಗಿ, "ಏ, ಇದು ನಮ್ಮ ಲಾವಕ್ಕಿ ಅಲ್ಲೇನೋ!"

ಅದೇ. ಜೋಳದ ಹೊಲದಲ್ಲಿ ಕಾಲ ಬುಡದಿಂದ ಬುರ್ರನೆ ಏಳುತ್ತದಲ್ಲ, ಅದೇ ಜಾತಿ. ಚಳಿಗಾಲಕ್ಕೆ ನಮ್ಮ ಕಡೆ ಬರುವವು ಮಧ್ಯ ಏಷ್ಯಾದ ಕಡೆಯಿಂದ. ಮಾಲ್ಟಾದ ಮೇಲೆ ಹಾಯುವವು ಆಫ್ರಿಕಾದಲ್ಲಿ ಚಳಿಗಾಲ ಕಳೆದು, ಮೊಟ್ಟೆಯಿಡಲು ಯುರೋಪಿಗೆ ಹೊರಟವು. ರಾತ್ರಿಯಿಡೀ ಸಮುದ್ರ ದಾಟಿ ಬಂದ ಹಕ್ಕಿಗೆ ಈ ದ್ವೀಪವೇ ಉಸಿರು ಬಿಡುವ ಜಾಗ. ಅಲ್ಲೇ ಕೋವಿ ಕಾಯುತ್ತಿರುತ್ತದೆ.

ಯುರೋಪಿನ ಕಾನೂನು ವಸಂತದ ಬೇಟೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಾರಣ ಸರಳ: ಆ ಹೊತ್ತಿನಲ್ಲಿ ಒಂದನ್ನು ಹೊಡೆದರೆ ಆ ವರ್ಷದ ಮರಿಗಳೂ ಹೋದಂತೆ. ಮಾಲ್ಟಾ ಮಾತ್ರ ವಿನಾಯಿತಿ ಹೇಳಿಕೊಂಡು ಲಾವಕ್ಕಿ, ಬೆಳವಗಳ ಬೇಟೆಗೆ ದಾರಿ ಮಾಡಿಕೊಂಡಿತು. ಇದನ್ನು ನಿಲ್ಲಿಸಬೇಕೆಂದು ಅಲ್ಲಿನ ಜನರೇ ಸಹಿ ಸಂಗ್ರಹಿಸಿ, 2015ರ ಏಪ್ರಿಲ್‌ನಲ್ಲಿ ದೇಶದಲ್ಲೆಲ್ಲ ಮತದಾನ ಆಗುವಂತೆ ಮಾಡಿದರು. ಬೇಟೆಗಾರರು ಗೆದ್ದರು. ಅಂತರ ಎರಡು ಸಾವಿರದ ಚಿಲ್ಲರೆ ಮತ, ಅಷ್ಟೇ. ಬಲೆ ಹಾಕಿ ಗುಬ್ಬಿಯಷ್ಟು ಗಾತ್ರದ ಹಾಡುಹಕ್ಕಿ ಹಿಡಿಯುವುದು ತಪ್ಪೆಂದು 2018ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಸರ್ಕಾರ "ಸಂಶೋಧನೆ" ಎಂಬ ಹೆಸರಿನಲ್ಲಿ ಬಲೆಗೆ ಮತ್ತೆ ಪರವಾನಗಿ ಕೊಟ್ಟಿತು. 2024ರಲ್ಲಿ ನ್ಯಾಯಾಲಯ ಅದನ್ನೂ ತಪ್ಪೆಂದಿತು.

ಬೇಟೆಗಾರರ ವಾದ ನಮಗೇನೂ ಹೊಸದಲ್ಲ. ಅಜ್ಜನ ಕಾಲದಿಂದ ಬಂದದ್ದು, ಪೇಟೆಯವರಿಗೆ ಹಳ್ಳಿಯ ಖುಷಿ ಗೊತ್ತಿಲ್ಲ ಅಂತ. ಈ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಪ್ಪನೂ ಉರುಲು ಹಾಕಿದವನೇ, ನಾನು ತಿಂದವನೇ. ಆದರೆ ಅಜ್ಜನ ಕೈಯಲ್ಲಿ ಇದ್ದದ್ದು ಕುದುರೆ ಕೂದಲಿನ ಉರುಲು. ಈಗ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ನೈಲಾನ್ ಬಲೆ ಹರಡಿ, ಒಂದೇ ರಾತ್ರಿ ಚೀಲ ತುಂಬುತ್ತಾರೆ. ಎರಡಕ್ಕೂ ಸಂಪ್ರದಾಯ ಎಂಬ ಒಂದೇ ಹೆಸರು ಹೇಗೆ?

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಕಾಡು ಲಾವಕ್ಕಿ ಹಿಡಿಯುವುದೂ ಮಾರುವುದೂ ಅಪರಾಧ. ಕಾನೂನಿನ ಮಟ್ಟಿಗೆ ನಾವು ಮಾಲ್ಟಾಕ್ಕಿಂತ ಮುಂದೆ. ಆದರೂ ಸಂತೆಯ ಹಿಂದೆ ಗೋಣಿಚೀಲ ಬಿಚ್ಚುವವರನ್ನು ನಾನೇ ಕಂಡು ಸುಮ್ಮನೆ ಬಂದಿದ್ದೇನೆ. ಸುದ್ದಿ ಮಾಡಲಿಲ್ಲ. ಹಿಡಿದವರು ಗುರುತಿನವರು, ಕೂಲಿ ಇಲ್ಲದ ದಿನಗಳು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚೀಲಗಟ್ಟಲೆ ಕೊಳ್ಳುವ ಡಾಬಾದವರ ಬಗ್ಗೆಯಾದರೂ ಬರೆಯಬಹುದಿತ್ತು.

ಹೊರಗೆ ಬಂದಾಗ ಕೋಟೆಯ ಗೋಡೆಯ ಮೇಲಿಂದ ಹೊಲಗಳು ಕಂಡವು. ಕಲ್ಲು ಜೋಡಿಸಿದ ಬದು, ಕೆಂಪು ಮಣ್ಣು, ಅವ್ವನಿಗೆ ಖುಷಿಯೋ ಖುಷಿ. ಬಹಳ ಹೊತ್ತು ನೋಡಿ, "ಹೊಲ ಐತಿ, ಹಕ್ಕಿ ಒಂದೂ ಏಳವಲ್ದಲ್ಲೋ" ಅಂದಳು.

ನಿಮ್ಮೂರ ಹೊಲದಲ್ಲಿ ಈ ಚಳಿಗಾಲ ಲಾವಕ್ಕಿ ಎದ್ದದ್ದು ಕಂಡವರು ಊರು, ತಿಂಗಳು ಬರೆದು ಕಳಿಸಿ. ಕಾಣದವರೂ ಬರೆಯಿರಿ. ಮುಂದಿನ ಬರಹ ಡಾಬಾಗಳ ಬಗ್ಗೆ.