ದೂರವೊಂದು, ಕಾಲ ಹಲವು

ಮಗನನ್ನೋ ಮಗಳನ್ನೋ ನೋಡಿಬರಲೆಂದು ಯೂರೋಪಿಗೆ ಹೊರಡುವ ಹಿರಿಯರು ಈಗ ನಮ್ಮಲ್ಲಿ ವಿರಳರಲ್ಲ. ಅಂತಹ ಓರ್ವ ಗೃಹಸ್ಥರು ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಲಂಡನ್ನಿನಿಂದ ೯ ಘಂಟೆಗೆ ಹೊರಡುವ ವಿಮಾನವು ಪ್ಯಾರಿಸನ್ನು ೧೧-೨೦ಕ್ಕೆ ಸೇರುವುದಾದರೆ, ಪ್ಯಾರಿಸಿನಿಂದ ೯ಕ್ಕೆ ಹೊರಟದ್ದು ಲಂಡನ್ನನ್ನು ೯-೨೦ಕ್ಕೇ ಸೇರುವುದು ಹೇಗೆ? ಇದು ಗಾಳಿಯ ಮಹಿಮೆಯೇ?

ಗಾಳಿಯದಲ್ಲ, ಗಡಿಯಾರದ್ದು. ಪ್ಯಾರಿಸಿನ ಗಡಿಯಾರವು ವರ್ಷವಿಡೀ ಲಂಡನ್ನಿನದಕ್ಕಿಂತ ಒಂದು ಘಂಟೆ ಮುಂದಿರುತ್ತದೆ. ಹೋಗುವಾಗ ಒಂದು ಘಂಟೆಯನ್ನು ಕಳೆದು, ಬರುವಾಗ ಒಂದನ್ನು ಕೂಡಿದರೆ, ಎರಡು ಪ್ರಯಾಣಗಳೂ ೧ ಘಂಟೆ ೨೦ ನಿಮಿಷಗಳೇ ಆಗುವುವು.

ಸೂರ್ಯನ ಲೆಕ್ಕದಲ್ಲಿ ಇಷ್ಟು ಅಂತರ ಸಲ್ಲದು. ನಮ್ಮ ಜ್ಯೋತಿಷ ಗಣಿತದಲ್ಲಿ ಉಜ್ಜಯಿನಿಯ ರೇಖೆಯನ್ನು ಹಿಡಿದು ದೇಶಾಂತರಸಂಸ್ಕಾರ ಮಾಡುವಂತೆ ಇಲ್ಲಿ ಗ್ರೀನಿಚ್ಚಿನ ರೇಖೆಯನ್ನು ಹಿಡಿಯಬೇಕು. ಒಂದು ಅಂಶಕ್ಕೆ ೪ ನಿಮಿಷ. ಪ್ಯಾರಿಸು ಪೂರ್ವಕ್ಕಿರುವುದು ಎರಡೂ ಕಾಲು ಅಂಶಕ್ಕೆ ತುಸು ಹೆಚ್ಚು. ವ್ಯತ್ಯಾಸ ೯ ನಿಮಿಷ ಮಾತ್ರ. ೧೯೧೧ರಿಂದ ಫ್ರಾನ್ಸು ಗ್ರೀನಿಚ್ ಕಾಲವನ್ನೇ ಅನುಸರಿಸುತ್ತಿದ್ದಿತು. ೧೯೪೦ರಲ್ಲಿ ಪ್ಯಾರಿಸನ್ನು ಹಿಡಿದ ಜರ್ಮನರು ಅಲ್ಲಿ ಬರ್ಲಿನ್ನಿನ ಕಾಲವನ್ನು ಜಾರಿಗೆ ತಂದರು. ಅವರ ಸೈನ್ಯವು ಹೋಯಿತು. ಅವರ ಗಡಿಯಾರ ಮಾತ್ರ ಇಂದಿಗೂ ಉಳಿದಿದೆ.

ಇನ್ನು ದೂರದ ಮಾತು. ಎರಡು ನಗರಗಳ ನಡುವಣ ನೇರ ದೂರ ಸುಮಾರು ೩೪೪ ಕಿಲೋಮೀಟರು, ಎಂದರೆ ೨೧೪ ಮೈಲಿ. ೧೯೧೯ನೆಯ ಆಗಸ್ಟ್ ೨೫ರಂದು ಇಲ್ಲಿ ದಿನವಹಿ ವಿಮಾನಸಂಚಾರವು ಮೊದಲಾದಾಗ ಸುಮಾರು ಎರಡೂವರೆ ಘಂಟೆ ಹಿಡಿಯಿತು. ಘಂಟೆಗೆ ೮೦೦ ಕಿಲೋಮೀಟರು ಹಾರಬಲ್ಲ ಇಂದಿನ ವಿಮಾನಕ್ಕೆ ಅರ್ಧ ಘಂಟೆಯೇ ಸಾಕಲ್ಲವೇ? ಅಲ್ಲ. ನೆಲದ ಮೇಲೆ ಸರದಿ ಕಾಯುವುದು, ಮೇಲೇರುವುದು, ವೇಗ ತಗ್ಗಿಸಿ ಇಳಿಯುವುದು, ಇವೆಲ್ಲವೂ ಆ ೮೦ ನಿಮಿಷಗಳಲ್ಲಿ ಸೇರಿವೆ. ಇದರ ಮೇಲೆ, ಹೀಥ್ರೂ ಮತ್ತು ಷಾರ್ಲ್ ದ ಗಾಲ್ ನಿಲ್ದಾಣಗಳೆರಡೂ ನಗರಮಧ್ಯದಿಂದ ೨೦ ಕಿಲೋಮೀಟರಿಗೂ ಹೆಚ್ಚು ದೂರ. ಎರಡು ಘಂಟೆ ಮೊದಲೇ ಅಲ್ಲಿರಬೇಕು. ಎಲ್ಲವನ್ನೂ ಕೂಡಿದರೆ ಐದು ಘಂಟೆಗಳಾದರೂ ಬೇಕು.

೧೯೯೪ರಲ್ಲಿ ಸಮುದ್ರದಡಿಯ ಸುರಂಗವು ತೆರೆದಂದಿನಿಂದ ರೈಲೂ ಉಂಟು. ಅದರ ಹಾದಿ ೪೯೨ ಕಿಲೋಮೀಟರು; ಆದರೂ ವೇಗದ ಗಾಡಿಯು ನಗರಮಧ್ಯದಿಂದ ನಗರಮಧ್ಯಕ್ಕೆ ಸುಮಾರು ೨ ಘಂಟೆ ೨೦ ನಿಮಿಷಗಳಲ್ಲಿ ಸೇರಿಸುತ್ತದೆ. ತಪಾಸಣೆಗಾಗಿ ಒಂದು ಘಂಟೆ ಮುಂಚಿತವಾಗಿ ಹೋದರೂ, ಉದ್ದವಾದ ದಾರಿಯೇ ಅನೇಕ ವೇಳೆ ಬೇಗ ಮುಗಿಯುತ್ತದೆ.

ಇದು ಬರಿಯ ಲೆಕ್ಕದ ವಿನೋದವಲ್ಲ. ವಿಮಾನವು ೧೧-೨೦ಕ್ಕೆ ಇಳಿಯುವುದೆಂದು ನಂಬಿ, ೧೨ ಘಂಟೆಯ ಮುಂದಿನ ಗಾಡಿಗೆ ಚೀಟಿ ಕೊಂಡವರು, ರಹದಾರಿ ತೋರಿಸಿ ಪೆಟ್ಟಿಗೆ ಬಿಡಿಸಿಕೊಳ್ಳುವಷ್ಟರಲ್ಲಿ ಗಾಡಿಯು ಹೊರಟುಹೋಗಿರುತ್ತದೆ. ಭಾಷೆ ತಿಳಿಯದ ಊರಿನಲ್ಲಿ ವೃದ್ಧ ದಂಪತಿಗಳು ಗಂಟುಮೂಟೆಯೊಡನೆ ನಿಲ್ಲಬೇಕಾಗುವುದು. ಇತ್ತ ಮನೆಯವರಿಗೆ ನಿದ್ದೆಯಿಲ್ಲ. ಆದುದರಿಂದ ವೇಳಾಪಟ್ಟಿಯನ್ನು ನೋಡುವ ಮಕ್ಕಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಎರಡು ಊರುಗಳ ಗಡಿಯಾರಗಳನ್ನು ಮೊದಲು ಸರಿಹೊಂದಿಸಿಕೊಳ್ಳಿರಿ, ಅನಂತರ ಪ್ರಯಾಣವನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಿರಿ, ಆ ಮೇಲೆ ತಂದೆತಾಯಿಗಳ ಹೆಜ್ಜೆಗೆ ತಕ್ಕಂತೆ ಇನ್ನೊಂದು ಘಂಟೆಯನ್ನು ಸೇರಿಸಿರಿ.